ಐತಾರದ ಡಬಲ್ ಪಗಾರ

ಬೀದರಿನ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಒಂದು ಬೇಳೆ ಮಿಲ್ಲಿನಲ್ಲಿ ಐವರು ಹೆಂಗಸರು ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯಳು ಚಿದ್ರಿಯ ಕೇಶರಬಾಯಿ. ಮ್ಯಾನೇಜರ್ ವೀರಭದ್ರನ ಮುಂದೆ ನಿಂತು ದನಿ ಎತ್ತುವವಳು ಅವಳೊಬ್ಬಳೇ. ಹಾಗಾಗಿ ಯಾವ ತಕರಾರಿದ್ದರೂ ಉಳಿದವರು ಅವಳನ್ನೇ ಮುಂದೆ ಮಾಡುತ್ತಿದ್ದರು.

ದೀಪಾವಳಿ ಹತ್ತಿರ ಬಂದಂತೆ ಗಿರಾಕಿ ಹೆಚ್ಚಿತು. ಇನ್ನು ವಾರದ ರಜೆಯ ದಿನವಾದ ಐತಾರವೂ ಮಿಲ್ಲು ನಡೆಯಬೇಕೆಂದು ಮಾಲಕರು ಹೇಳಿ ಕಳಿಸಿದರು. ಅಲ್ಲಿಯವರೆಗೆ ಸೂಟಿಯ ದಿನ ದುಡಿದರೂ ದಿನದ ಪಗಾರವೇ ಸಿಗುತ್ತಿತ್ತು. ಕೇಶರಬಾಯಿ ವಾರವಿಡೀ ಜಗ್ಗಾಡಿ ಡಬಲ್ ಒಪ್ಪಿಸಿದಳು. ವೀರಭದ್ರ ಒಂದು ಶರತ್ತು ಹಾಕಿದ.

"ಐದೂ ಮಂದಿ ಬರಬೇಕು. ಒಬ್ಬಾಕಿ ತಪ್ಪಿದ್ರೂ ಮಷಿನ್ ಚಾಲೂ ಮಾಡಂಗಿಲ್ಲ, ಯಾರಿಗೂ ಏನೂ ಇಲ್ಲ. ಮಂಜೂರ?"

"ಮಂಜೂರ್ರಿ" ಅಂದಳು ಕೇಶರಬಾಯಿ.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಉಜ್ವಲಾ. ಚೀಲದ ಬಾಯಿ ಹೊಲಿಯುವ ಕೆಲಸ ಅವಳದು. ತೂಕದ ಮುಂದೆ ಕೂಡುವ ಸಿದ್ದೇಶ್ವರಿ ಮಾತ್ರ, "ಅಕ್ಕಾ, ಈ ಐತಾರ ನಾ ಬರಲ್ರಿ, ಔರಾದಕ್ಕ ಹೋಗ್ತೇನಿ" ಅಂದಳು. ಅವಳು ಚಿಂತಾಕಿಯವಳು. ಗಂಡ ಕುರಿ ಹಿಂಡಿನ ಜೊತೆ ವರ್ಷದ ಬಹುಪಾಲು ಊರೂರು ತಿರುಗುತ್ತಿದ್ದ. ಮಗಳನ್ನು ಔರಾದಿನ ವಸತಿ ಶಾಲೆಗೆ ಹಾಕಿದ್ದರು. ಅಲ್ಲಿ ಮಕ್ಕಳನ್ನು ಕಾಣಲು ತಿಂಗಳಿಗೆ ಒಂದೇ ಐತಾರ ಬಿಡುತ್ತಿದ್ದರು. ಡಬಲ್ ಅಂದ ಮೇಲೆ ಬಂದೇ ಬರುತ್ತಾಳೆ ಎಂದುಕೊಂಡು ಕೇಶರಬಾಯಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಐತಾರ ಸಿದ್ದೇಶ್ವರಿ ಬರಲಿಲ್ಲ. ವೀರಭದ್ರ ಮಷಿನ್ ಹಚ್ಚಲಿಲ್ಲ. "ಮಧ್ಯಾಹ್ನದೊಳಗ ಕರಕೊಂಡು ಬಂದ್ರ ಅರ್ಧ ದಿನದ ಡಬಲ್ ಹಾಕ್ತೇನಿ" ಅಂದ. ಮೂವರನ್ನು ಗೇಟಿನ ಬಳಿ ಕೂಡಿಸಿ ಕೇಶರಬಾಯಿ ಔರಾದಿನ ಬಸ್ಸು ಹತ್ತಿದಳು.

ಶಾಲೆಯ ಅಂಗಳದ ತುಂಬ ತಂದೆತಾಯಿಗಳು ಬುತ್ತಿ ಬಿಚ್ಚಿ ಕೂತಿದ್ದರು. ಸಿದ್ದೇಶ್ವರಿಯ ಮಗಳು ರೊಟ್ಟಿ ತಿನ್ನುತ್ತಿದ್ದವಳು ಕೇಶರಬಾಯಿಯನ್ನು ಕಂಡು ಕೈ ತಡೆದಳು.

"ಅವ್ವಾ, ನಿನ್ನ ಕರೀಲಿಕ್ಕ ಬಂದಾರೇನು?"

"ನೀ ಉಣ್ಣು" ಅಂದು ಸಿದ್ದೇಶ್ವರಿ ಎದ್ದು ಗೋಡೆಯ ಕಡೆ ಬಂದಳು.

"ನಡಿ ಸಿದ್ದೇಶ್ವರಿ. ನಿನ್ನೊಬ್ಬಾಕಿ ಸಲುವಾಗಿ ಎಲ್ಲರ ಡಬಲ್ ಹೋಗ್ಲಿಕತ್ತದ."

"ಮಂಜೂರ ಅಂದಾಕಿ ನೀವು. ನನ್ನ ಕೇಳಿದ್ರೇನ್ರಿ ಅಕ್ಕಾ?"

"ಎಲ್ಲರ ಸಲುವಾಗಿ ಮಾಡೀನಿ. ನನ್ನೊಬ್ಬಾಕಿಗಂತ ಮಾಡೀನೇನು?"

"ಖರೆ ಅದರಿ. ಆದ್ರ ಸೂಟಿ ನಂದಿತ್ತು. ಅದನ್ನ ನೀವು ಕೊಟ್ಟು ಬಂದ್ರಿ."

ಕೇಶರಬಾಯಿಗೆ ಸಿಟ್ಟು ನೆತ್ತಿಗೇರಿತು. ಊಟ ಮಾಡಿ ಹೋಗಿ ಎಂದು ಸಿದ್ದೇಶ್ವರಿ ಅಂದರೂ ನಿಲ್ಲದೆ ಬೀದರಿನ ಬಸ್ಸು ಹಿಡಿದಳು. ಗೇಟಿನಲ್ಲಿ ಕಾಯುತ್ತಿದ್ದವರಿಗೆ "ಬರಲ್ಲಂತ" ಎಂದಷ್ಟೇ ಹೇಳಿದಳು. ಉಜ್ವಲಾ ಸಿದ್ದೇಶ್ವರಿಯನ್ನು ಬಾಯಿಗೆ ಬಂದಂತೆ ಬೈದಳು. ಕೇಶರಬಾಯಿ ಅದಕ್ಕೆ ದನಿಗೂಡಿಸಲಿಲ್ಲ, ತಡೆಯಲೂ ಇಲ್ಲ.

ಮರುದಿನ ಸಿದ್ದೇಶ್ವರಿಯೊಂದಿಗೆ ಯಾರೂ ಮಾತಾಡಲಿಲ್ಲ. ಊಟದ ಹೊತ್ತಿಗೆ ಕೇಶರಬಾಯಿ ಎಲ್ಲರನ್ನೂ ಸೇರಿಸಿ, "ಶರತ್ತು ತೆಗೀರಿ ಅಂತ ಕೇಳ್ತೇನಿ. ತೆಗೀಲಿಲ್ಲಂದ್ರ ಐತಾರ ಯಾರೂ ಬರೋದು ಬ್ಯಾಡ. ಏನಂತೀರಿ?" ಅಂದಳು. ಇಬ್ಬರು ಹೂಂ ಅಂದರು. ಸಿದ್ದೇಶ್ವರಿಯೂ ಒಪ್ಪಿ ತಲೆಯಾಡಿಸಿದಳು. ಉಜ್ವಲಾ ಒಪ್ಪಲಿಲ್ಲ. "ಎಲ್ಲರಿಗೂ ಸೂಟಿ ಬೇಕಾಗಿಲ್ಲ ಅಕ್ಕಾ. ನನಗ ಕೆಲಸ ಬೇಕು" ಅಂದಳು.

ಕೇಶರಬಾಯಿ ಹೋಗಿ ಕೇಳಿದಾಗ ವೀರಭದ್ರ ಒಂದೇ ಮಾತು ಹೇಳಿದ: "ಶರತ್ತು ಹೋದ್ರ ಡಬಲ್ಲೂ ಹೋಗ್ತದ."

"ಹೋಗ್ಲಿ ಬಿಡ್ರಿ. ಐತಾರ ನಾವೂ ಬರಂಗಿಲ್ಲ."

ಅವನು ಐತಾರದ ಕೆಲಸಕ್ಕೆ ಭಾಲ್ಕಿಯಿಂದ ಬೇರೆ ಹೆಂಗಸರನ್ನು ಕರೆಸಿದ. ಅವರು ಈ ಕೆಲಸಕ್ಕೆ ಹೊಸಬರು. ಅವರು ಹಾಕಿದ ಸೀಲು ನಿಲ್ಲದೆ ಬಿಚ್ಚಿಕೊಂಡ ಪಾಕೀಟುಗಳನ್ನು ವ್ಯಾಪಾರಿಯೊಬ್ಬ ಲಾರಿ ಸಮೇತ ವಾಪಸು ಕಳಿಸಿದ. ಅಷ್ಟರಲ್ಲಿ ಉಜ್ವಲಾ ಕೆಲಸ ಬಿಟ್ಟು ಇನ್ನೊಂದು ಮಿಲ್ಲಿಗೆ ಸೇರಿಕೊಂಡಿದ್ದಳು.

ಕೊನೆಗೆ ವೀರಭದ್ರನೇ ಮಾತಿಗೆ ಬಂದ. ಬಂದವರಿಗೆ ಡಬಲ್, ಬರದವರಿಗೆ ಸೂಟಿ ಎಂದಾಯಿತು. ಭಾಲ್ಕಿಯಿಂದ ಬಂದವರಲ್ಲಿ ಸಖುಬಾಯಿ ಎಂಬವಳಿಗೆ ಕೆಲಸ ಕಲಿಸಿ ಉಳಿಸಿಕೊಂಡರು. ಆದರೆ ಹಬ್ಬ ಮುಗಿದಿತ್ತು, ಗಿರಾಕಿ ಇಳಿದಿತ್ತು. ಡಬಲ್ ಅವರ ಕೈಗೆ ಬಂದದ್ದು ಒಂದೇ ಐತಾರ. ಸಿದ್ದೇಶ್ವರಿಯೂ ಅಂದು ಬಂದು ದುಡಿದಳು.

ಗಂಜದ ರಸ್ತೆಯಲ್ಲಿ ಉಜ್ವಲಾ ಸಿಕ್ಕಾಗ ಕೇಶರಬಾಯಿ ನಿಂತು, "ಶರತ್ತು ತೆಗೆದಾರ. ತಿರುಗಿ ಬಾ" ಅಂದಳು.

"ನಾ ಇರೋ ಮಿಲ್ಲಿನಾಗ ಡಬಲ್ ಇಲ್ರಿ ಅಕ್ಕಾ. ಆದ್ರ ಐತಾರದ ಕೆಲಸ ತಪ್ಪಂಗಿಲ್ಲ" ಎಂದು ಉಜ್ವಲಾ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಕೇಶರಬಾಯಿ ಮತ್ತೆ ಕರೆಯಲಿಲ್ಲ.