ಡಾಕ್ಟರಿಗಾಗಿ ಎತ್ತಿಟ್ಟ ಹಾಸು

ಬರೀ ಬಿಸಿಲಾದರೆ ನೆರಳಿಗೆ ಓಡಿ ತಪ್ಪಿಸಿಕೊಳ್ಳಬಹುದು. ಆದರೆ ನೆರಳೇ ಬೆವರಿಸಿದರೆ ಎಲ್ಲಿಗೆ ಹೋಗುವುದು? ಜುಲೈ ಬಂತೆಂದರೆ ಫೆರಾರಾ ಸೀಮೆಯ ಬಯಲಿನಲ್ಲಿ ಹೀಗೇ. ನದಿ, ಕಾಲುವೆ, ಗದ್ದೆಗಳ ಹಬೆಯೆಲ್ಲ ಮೇಲೆದ್ದು ಊರಿನ ಮೇಲೆ ಒದ್ದೆ ಕಂಬಳಿಯಂತೆ ಕೂತುಬಿಡುತ್ತದೆ. ಡಬ್ಬಿಯಲ್ಲಿನ ಉಪ್ಪು ಉಂಡೆಗಟ್ಟುತ್ತದೆ. ಬೆಳಿಗ್ಗೆ ಹರವಿದ ಬಟ್ಟೆ ಸಂಜೆಗೂ ಕೈಗೆ ತಣ್ಣಗೆ ಹತ್ತುತ್ತದೆ. ಒಂದೆಲೆಯೂ ಅಲ್ಲಾಡುವುದಿಲ್ಲ.

ಇಂಥ ದಿನಗಳಲ್ಲಿ ಅಲ್ಲಿನ ಒಂದೂರಿನ ಮುದುಕಿ ಜೆಲಿಂಡಾ ನೈಲಾನ್ ಗೌನು ತೊಡುತ್ತಿದ್ದಳು. ಮುಂದೆ ಗುಂಡಿ, ಎರಡೂ ಕಡೆ ಜೇಬು, ಮೈತುಂಬ ನೀಲಿ ಹೂವು. ಗುರುವಾರದ ಸಂತೆಯಲ್ಲಿ ಕೊಂಡದ್ದು. ಆ ಊರಿನಲ್ಲಿ ಅವಳ ವಯಸ್ಸಿನ ಯಾವ ಹೆಂಗಸಿನ ಮೈಮೇಲೆ ನೋಡಿದರೂ ಅಂಥದ್ದೇ ಗೌನು. ಹೂವಿನ ಬಣ್ಣ ಮಾತ್ರ ಬೇರೆ. ಯಾರಾದರೂ ಸೆಕೆಯಾಗುವುದಿಲ್ಲವೇ ಎಂದು ಕೇಳಿದರೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು. ಒಗೆದು ಕೊಡವಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಹರಿಯುವುದಿಲ್ಲ, ಬಣ್ಣ ಹೋಗುವುದಿಲ್ಲ. "ನಾನು ಹೋದ ಮೇಲೂ ಇದು ಇರುತ್ತೆ, ನೋಡ್ತಿರಿ" ಎನ್ನುತ್ತಿದ್ದಳು. ಬೆನ್ನಿನ ಮೇಲೆ ಬೆವರುಸಾಲೆ ಎದ್ದು ಉರಿಯುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಇಗರ್ಜಿಯ ಅಂಗಳದಲ್ಲಿ ಊರವರೆಲ್ಲ ಕೂತು ಉಣ್ಣುವ ಒಂದು ಶನಿವಾರವಿದೆ. ಆ ದಿನದ ಊಟವೆಂದರೆ ಕಪ್ಪೆಲ್ಲಾಚಿ. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ದೊಡ್ಡ ಮರದ ಹಲಗೆಯ ಮೇಲೆ ತೆಳ್ಳಗೆ ಲಟ್ಟಿಸಿ, ಸಿಹಿಗುಂಬಳದ ಹೂರಣ ತುಂಬಿ, ಪುಟ್ಟ ಟೋಪಿಯಂತೆ ಮಡಿಸಿ, ಕುದಿಯುವ ನೀರಿಗೆ ಬಿಡುತ್ತಾರೆ. ಕಿಟಕಿಯ ಪಕ್ಕದಲ್ಲಿ ನಿಂತು ಹಾಳೆ ಲಟ್ಟಿಸುವುದು ಜೆಲಿಂಡಾಳ ಕೆಲಸ. ಅವಳಿಗೆ ಮುಂಚೆ ಆ ಜಾಗ ಅವಳ ತಾಯಿಯದಾಗಿತ್ತು. ಕೈಲಾಗದೆ ಹಲಗೆ ಬಿಟ್ಟ ಮುದುಕಿಯರಿಗೆ ಬಾಗಿಲ ಬಳಿ ಕುರ್ಚಿ ಹಾಕಿ, ಊಟದ ಚೀಟಿ ಹರಿಯುವ ಕೆಲಸ ಕೊಡುತ್ತಾರೆ. ಬಹಳ ಮರ್ಯಾದೆಯಿಂದಲೇ ಕೊಡುತ್ತಾರೆ. ಆ ಕುರ್ಚಿಯನ್ನು ಕಂಡರೆ ಜೆಲಿಂಡಾಗೆ ಆಗುತ್ತಿರಲಿಲ್ಲ.

ಆ ವರ್ಷ ಊಟಕ್ಕೆ ಇನ್ನೂ ಕೆಲವು ದಿನ ಇರುವಾಗ, ಇಗರ್ಜಿಯ ಅಡುಗೆಮನೆಯಲ್ಲಿ ಅಭ್ಯಾಸಕ್ಕೆಂದು ಒಲೆ ಹಚ್ಚಿದ ಮಧ್ಯಾಹ್ನ, ಅವಳ ಕೈಯಿಂದ ಲಟ್ಟಣಿಗೆ ಜಾರಿತು. ಕಣ್ಣಿಗೆ ಕತ್ತಲೆ ಬಂತು. ಅಲ್ಲಿನ ಯಜಮಾನಿ ಆರ್ಜಿಯಾ ಸೊಂಟಕ್ಕೆ ಕೈಹಾಕಿ ಹಿಡಿದಿರದಿದ್ದರೆ ಅವಳು ಬಿದ್ದೇಬಿಡುತ್ತಿದ್ದಳು. ಆರ್ಜಿಯಾ ಗದ್ದಲ ಮಾಡಲಿಲ್ಲ. ಉಳಿದವರು ಅತ್ತ ನೋಡದಂತೆ ಅಡ್ಡ ನಿಂತು, ಅವಳ ಗೌನಿನ ಮೇಲಿನ ಗುಂಡಿ ಬಿಚ್ಚಿ, ಕತ್ತಿಗೆ ಒದ್ದೆ ಕರವಸ್ತ್ರ ಇಟ್ಟು, ತಾನೇ ತೋಳು ಹಿಡಿದು ಮನೆತನಕ ನಡೆಸಿಕೊಂಡು ಬಂದಳು. ಹೊಸಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ನರ್ಸ್ ಮೊರೇನಾ ಬಂದು ನೋಡ್ಲಿ. ಅವಳು ಹೂಂ ಅಂದ್ರೆ ಮಾತ್ರ ಶನಿವಾರ ಹಲಗೆ ಮುಂದೆ ನಿಲ್ಲು. ಇಲ್ಲಾಂದ್ರೆ ನಿನ್ನನ್ನ ಕುರ್ಚಿ ಮೇಲೆ ಕೂರಿಸೋದು ನಾನೇ, ಕಣೇ."

ನರ್ಸ್ ಬರುತ್ತಾಳೆಂದು ಕೇಳಿದ್ದೇ ಜೆಲಿಂಡಾಗೆ ತಲೆಸುತ್ತಿಗಿಂತ ದೊಡ್ಡ ಚಿಂತೆ ಹತ್ತಿತು. ಆ ಸೀಮೆಯಲ್ಲಿ ಪ್ರತಿ ಹೆಣ್ಣಿನ ಮದುವೆಯ ಪೆಟ್ಟಿಗೆಯಲ್ಲೂ ಹಾಸಿಗೆಗೆ ಹಾಕುವ ಒಂದು ಜೊತೆ ಒಳ್ಳೆಯ ಹಾಸು ಇರುತ್ತದೆ. ದಿನವೂ ಹಾಸುವುದಕ್ಕಲ್ಲ. ಹೆರಿಗೆಗೆ, ಕಾಯಿಲೆಗೆ ಡಾಕ್ಟರು ಮನೆಗೆ ಬಂದಾಗ, ಕೊನೆಗೆ ಸತ್ತಾಗ. ಡಾಕ್ಟರಾಗಲಿ ನರ್ಸಾಗಲಿ ಹಳೆಯ ಹಾಸಿನ ಮೇಲೆ ರೋಗಿಯನ್ನು ನೋಡಿದರೆ ಆ ಮನೆಯ ಮಾನ ಹೋದಂತೆ. ಹಾಗಾಗಿ ಗೋಡೆ ಹಿಡಿದು ನಿಂತಿದ್ದ ಜೆಲಿಂಡಾ ಗಂಡನಿಗೆ ಹೇಳಿದಳು: "ಪೆಟ್ಟಿಗೆ ತೆಗಿ. ಅಮ್ಮನ ಹಾಸು ಹಾಕು."

"ಮೊದಲು ನೀನು ಮಲಗೇ" ಎಂದ ನೇರಿಯೊ.

"ಹಾಸು ಹಾಕದೆ ಮಲಗಲ್ಲ."

ನೇರಿಯೊ ಐವತ್ತು ವರ್ಷದಿಂದ ಸಂಸಾರ ಮಾಡಿದವನು. ಇಂಥ ಮಾತಿಗೆ ಎದುರಾಡಿ ಫಲವಿಲ್ಲವೆಂದು ಬಲ್ಲ. ಹಾಸನ್ನು ಉಲ್ಟಾ ಹಾಕಿ, ಬೈಸಿಕೊಂಡು, ಮತ್ತೆ ಸರಿಯಾಗಿ ಹಾಕಿದ. ಅದು ಅವಳ ತಾಯಿ ನೂತು, ನೇಯ್ದ ಸೆಣಬಿನ ಹಾಸು. ಹೊಸದರಲ್ಲಿ ಗೋಣಿಯಂತೆ ಒರಟಾಗಿದ್ದದ್ದು, ಒಗೆದೊಗೆದು ಬೆಣ್ಣೆಯಂತಾಗಿತ್ತು. ಮೂಲೆಯಲ್ಲಿ ಕೆಂಪು ದಾರದಲ್ಲಿ ಜೆಲಿಂಡಾಳ ಹೆಸರಿನ ಮೊದಲ ಅಕ್ಷರ.

ಮೊರೇನಾ ಬಂದು ನಾಡಿ ನೋಡಿದಳು, ರಕ್ತದ ಒತ್ತಡ ನೋಡಿದಳು, ನೀರು ಕುಡಿಸಿದಳು. ಗೌನು ಸರಿಸಿ ಬೆನ್ನನ್ನೂ ನೋಡಿದಳು. ಗೌನಿನ ಹೊಲಿಗೆ ಎಲ್ಲೆಲ್ಲಿ ತಾಗುತ್ತಿತ್ತೋ ಅಲ್ಲೆಲ್ಲ ಕೆಂಪು ಸಾಲೆ. ಬೈಯುವ ಬದಲು ಅವಳು ಹಾಸಿನ ಮೇಲೆ ಕೈಯಾಡಿಸಿ, ಇದರ ಮೇಲೆ ಮಲಗಿದರೆ ಹೇಗನ್ನಿಸುತ್ತದೆ ಎಂದು ಕೇಳಿದಳು. ತಣ್ಣಗಿದೆಯೆಂದು ಜೆಲಿಂಡಾ ಒಪ್ಪಿಕೊಳ್ಳಬೇಕಾಯಿತು.

"ಬೆವರು ಬರೋದು ತಪ್ಪಲ್ಲ, ಜೆಲಿಂಡಮ್ಮ" ಎಂದಳು ಮೊರೇನಾ. "ಬೆವರು ಆರಬೇಕು. ಆರಿದಾಗಲೇ ಮೈ ತಣ್ಣಗಾಗೋದು. ನಮ್ಮೂರಲ್ಲಿ ಗಾಳಿಯೇ ಒದ್ದೆ, ಅದು ಆರೋದೇ ನಿಧಾನ. ಅದರ ಮೇಲೆ ನೀವು ಮುಚ್ಚಳ ಬೇರೆ ಹಾಕಿದ್ರೆ ಅದು ಹೋಗೋದಾದ್ರೂ ಎಲ್ಲಿಗೆ?"

ಲೋಟದಲ್ಲಿ ಬೆರಳದ್ದಿ ಹಾಸಿನ ಮೇಲೆ ಒಂದು ಹನಿ ಬಿಟ್ಟಳು. ಹನಿ ಬಿದ್ದಲ್ಲೇ ಹರಡಿ, ನೋಡುತ್ತಿದ್ದಂತೆ ಬಟ್ಟೆಯೊಳಗೆ ಇಳಿದುಹೋಯಿತು. ಇನ್ನೊಂದು ಹನಿಯನ್ನು ಗೌನಿನ ಮೇಲೆ ಬಿಟ್ಟಳು. ಅದು ಮುತ್ತಿನಂತೆ ನಿಂತು, ಒಂದು ನೀಲಿ ಹೂವಿನಿಂದ ಇನ್ನೊಂದಕ್ಕೆ ಉರುಳಿ, ಮಡಿಲಿಗೆ ಬಿತ್ತು.

"ಮಳೆ ಬಂದ್ರೆ ಒಳ್ಳೇದೇ ಆಯ್ತಲ್ಲ" ಎಂದಳು ಜೆಲಿಂಡಾ.

ಮೊರೇನಾ ನಕ್ಕಳು, ಬಿಡಲಿಲ್ಲ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಲು ಹೇಳಿದಳು. ಹಾಸಿನಾಚೆ ಹಿಡಿದ ಅಂಗೈಗೆ ಉಸಿರು ತಾಗಿತು. ಗೌನಿನಾಚೆ ಏನೂ ತಾಗಲಿಲ್ಲ, ಜೆಲಿಂಡಾಳ ಕೆನ್ನೆ ಉಬ್ಬಿದ್ದಷ್ಟೇ. ಹಾಗೆಂದು ಹತ್ತಿ ಎಂದ ಕೂಡಲೇ ನಂಬಬೇಡಿ ಎಂದೂ ಮೊರೇನಾ ಹೇಳಿದಳು. ನೇರಿಯೊ ತೊಟ್ಟಿದ್ದ ದಪ್ಪ ಜೀನ್ಸೂ ಹತ್ತಿಯೇ. ಆದರೆ ಒಮ್ಮೆ ಬೆವರು ಕುಡಿದರೆ ಒದ್ದೆ ಮೂಟೆ ಹೊತ್ತಂತೆ, ಸಂಜೆತನಕ ಆರುವುದಿಲ್ಲ. ಮೊರೇನಾಳ ಮಗ ಓಡುವಾಗ ಹಾಕುವ ಬನಿಯನ್ ಪಾಲಿಯೆಸ್ಟರಿನದೇ. ಆದರೆ ಅದನ್ನು ಬೆವರು ಹೊರಗೆ ಹೋಗಲೆಂದೇ ಜಾಳುಜಾಳಾಗಿ ಹೆಣೆದಿದ್ದಾರೆ. ಹೆಸರಿಗಿಂತ ಮುಖ್ಯ ಗಾಳಿ ಆಡುತ್ತದೆಯೇ ಎಂಬುದು. ತೆಳು ನೇಯ್ಗೆ, ತಿಳಿ ಬಣ್ಣ, ಮೈಗೂ ಬಟ್ಟೆಗೂ ನಡುವೆ ಒಂದು ಕೈ ಹೋಗುವಷ್ಟು ಸಡಿಲ. ಒಲೆಯ ಮುಂದೆ ನಿಲ್ಲುವವರು ಇನ್ನೂ ಒಂದನ್ನು ನೆನಪಿಡಬೇಕು: ನೈಲಾನಿಗೆ ಬೆಂಕಿ ತಾಗಿದರೆ ಅದು ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ.

"ಶನಿವಾರ ಬೆಳಿಗ್ಗೆ ಬಂದು ನೋಡ್ತೀನಿ" ಎಂದಳು ಹೊರಡುವಾಗ. "ಈ ಗೌನಲ್ಲಿ ಒಲೆ ಹತ್ತಿರ ಹೋಗೋಕೆ ನಾನು ಹೂಂ ಅನ್ನಲ್ಲ, ಅಮ್ಮ. ಬೇಜಾರು ಮಾಡ್ಕೋಬೇಡಿ."

ಜೆಲಿಂಡಾ ಬೇಜಾರು ಮಾಡಿಕೊಂಡಳು. ಮಾರನೆಯ ಬೆಳಿಗ್ಗೆ ಹಟಕ್ಕೆ ಬಿದ್ದು ಅದೇ ಗೌನು ತೊಟ್ಟಳು. ತನಗೇನೂ ಆಗಿಲ್ಲವೆಂದು ತೋರಿಸಲು ಮನೆಯಲ್ಲೇ ಹಲಗೆ ಹಾಕಿ, ಕಪ್ಪೆಲ್ಲಾಚಿ ಮಡಿಸಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು. ನಡುವೆ ಮತ್ತೆ ಎರಡು ಸಲ ಕೂರಬೇಕಾಯಿತು. ಕೈತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ನೇರಿಯೊ ನೊಣ ಕೂರದಿರಲೆಂದು ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಅವಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ಎಷ್ಟು ವರ್ಷದಿಂದ ನೋಡ್ತಿದ್ದೀಯ ಮಾರಾಯ, ಹಿಟ್ಟಿನ ಮೇಲೆ ಯಾರಾದ್ರೂ ಪ್ಲಾಸ್ಟಿಕ್ ಮುಚ್ತಾರಾ? ಬೆವರಿ, ಮೆತ್ತಗಾಗಿ, ಒಂದಕ್ಕೊಂದು ಅಂಟ್ಕೊಂಡು ಹಾಳಾಗುತ್ತೆ. ಬಟ್ಟೆ ಹೊದಿಸ್ಬೇಕು, ಬಟ್ಟೆ. ಅದಕ್ಕೂ ಉಸಿರು ಬೇಡ್ವಾ?"

ನೇರಿಯೊ ಪ್ಲಾಸ್ಟಿಕ್ ತೆಗೆದ. ಮಡಿಸಿದ. ನಿಧಾನವಾಗಿ ಹೇಳಿದ: "ಕಡುಬಿಗೆ ಉಸಿರು ಬೇಕು ಅಂತ ಗೊತ್ತು ನಿನಗೆ."

ಅಷ್ಟೇ. ಮುಂದಿನದನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಜಗಳವಾಡಿ ಗೆದ್ದುಬಿಡುತ್ತಿದ್ದಳು. ಅವನು ಸುಮ್ಮನೆ ತೋಟಕ್ಕೆ ಹೋದದ್ದರಿಂದ, ಆ ಮಾತು ಅವಳೊಬ್ಬಳ ಜೊತೆಗೇ ಉಳಿಯಿತು. ಬೆನ್ನಿಗೆ ಅಂಟಿದ್ದ ಗೌನನ್ನು ಬೆರಳಿನಿಂದ ಎಳೆದು ಬಿಟ್ಟಳು. ಅದು ಮತ್ತೆ ಅಲ್ಲೇ ಹೋಗಿ ಅಂಟಿಕೊಂಡಿತು. ನೆನೆದ ಹಿಟ್ಟಿಗೂ ತನಗೂ ಏನು ವ್ಯತ್ಯಾಸ?

ಅಮ್ಮನ ಹಾಸಿನಿಂದ ಒಂದು ಅಂಗಿ ಹೊಲಿದುಕೊಳ್ಳಲೇ ಎಂದು ಪೆಟ್ಟಿಗೆಯ ಮುಂದೆ ಕೂತಾಗ ಅವಳಿಗೆ ತಾಯಿ ನೆನಪಾದಳು. ಸೆಣಬು ಕೊಳೆಹಾಕಿದ ಹೊಂಡದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಕಂತೆ ಎತ್ತಿದವಳು, ನಾರು ಬಿಡಿಸಿದವಳು, ಚಳಿಗಾಲವೆಲ್ಲ ನೂತವಳು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಕತ್ತರಿಸುವುದೇ? ಕೈ ಬರಲಿಲ್ಲ. ಆದರೆ ಇನ್ನೊಂದೂ ನೆನಪಾಯಿತು. ಗೋಧಿ ಕೊಯ್ಯುವ ದಿನಗಳಲ್ಲಿ ತಾಯಿ ಇದೇ ಸೆಣಬಿನ ದೊಗಳೆ ಅಂಗಿ ತೊಟ್ಟು ಹೊಲಕ್ಕಿಳಿಯುತ್ತಿದ್ದಳು. ಹಿಂದೆ ನಡೆಯುತ್ತಿದ್ದ ಪುಟ್ಟ ಜೆಲಿಂಡಾಗೆ ಆ ಅಂಗಿ ಗಾಳಿಗೆ ಉಬ್ಬುವುದು ಕಾಣುತ್ತಿತ್ತು. ಬೆನ್ನಿಗೆ ಅಂಟಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಮಧ್ಯಾಹ್ನ ಊರೆಲ್ಲ ಕಿಟಕಿ ಮುಚ್ಚಿ ಮಲಗಿದ್ದ ಹೊತ್ತಿಗೆ ಆರ್ಜಿಯಾ ಬಂದಳು. ಹೇಗಿದ್ದೀಯ ಎಂದು ಕೇಳಲು ಬಂದೆ ಎಂದಳು. ಚೀಲದಲ್ಲಿ ಮಾತ್ರ ದೊಡ್ಡ ಕತ್ತರಿಯೂ ಬಿಳಿ ದಾರದ ಉಂಡೆಯೂ ಇದ್ದವು. ಯಾರು ಹೇಳಿ ಕಳಿಸಿದರೆಂದು ಜೆಲಿಂಡಾ ಕೇಳಲಿಲ್ಲ. ತೋಟದಲ್ಲಿ ನೇರಿಯೊ ಟೊಮೇಟೊ ಗಿಡಗಳ ಮೇಲೆ ಅತಿಯಾದ ಆಸಕ್ತಿ ತೋರಿಸುತ್ತಿದ್ದ.

ಹಾಸನ್ನು ಮೇಜಿನ ಮೇಲೆ ಹರವಿದರು. ಮೊದಲ ಕತ್ತರಿ ಹಾಕುವಾಗ ಜೆಲಿಂಡಾ ಕಣ್ಣುಮುಚ್ಚಿಕೊಂಡಳು. ಆಮೇಲೆ ಕೆಲಸ ತಾನಾಗಿ ಸಾಗಿತು. ಅಗಲ ಕುತ್ತಿಗೆ, ಮೊಣಕೈ ಮೇಲೆ ನಿಲ್ಲುವ ತೋಳು, ಸೊಂಟದಲ್ಲಿ ಬಿಗಿಯಿಲ್ಲ. ಕೆಂಪು ಅಕ್ಷರ ಎಲ್ಲಿಗೆ ಬರಬೇಕೆಂಬ ಮಾತಿಗೆ ಮಾತ್ರ ಹೊಲಿಗೆ ನಿಂತಿತು.

"ಹೀಗೇ ಬಿಟ್ರೆ ಹಿಂದುಗಡೆ ಬರುತ್ತೆ ಕಣೇ" ಎಂದಳು ಆರ್ಜಿಯಾ. "ಕೂತಾಗೆಲ್ಲ ನಿನ್ನ ಹೆಸರಿನ ಮೇಲೇ ಕೂರ್ತೀಯ."

"ಸುಕ್ಕು ಬೀಳುತ್ತಲ್ಲೇ ಇದು" ಎಂದು ಜೆಲಿಂಡಾ ಕೊನೆಯ ಸಂದೇಹ ತೆಗೆದಳು.

"ನಮಗೆ ಬಿದ್ದಿಲ್ವಾ?"

ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ಅಕ್ಷರವನ್ನು ಎದೆಯ ಜೇಬಿನ ಮೇಲೆ ತಂದರು. ಮಿಕ್ಕ ಬಟ್ಟೆಯಲ್ಲಿ ಇನ್ನೊಂದು ಅಂಗಿಯಾಯಿತು: ಒಂದು ಬೆವರಿಗೆ ನೆನೆದರೆ ಬದಲಿಸಲು ಇನ್ನೊಂದು.

ಶನಿವಾರ ಮೊರೇನಾ ಅಡುಗೆಮನೆಗೇ ಬಂದಳು. ಒಲೆಗಳು ಉರಿಯುತ್ತಿದ್ದವು, ಕಿಟಕಿಯ ಗಾಜು ಹಬೆಗೆ ಮಂಜಾಗಿತ್ತು. ಜೆಲಿಂಡಾ ಹೊಸ ಅಂಗಿ ತೊಟ್ಟು, ಕೈ ಕಟ್ಟಿಕೊಂಡು, ಪರೀಕ್ಷೆಗೆ ನಿಂತ ಹುಡುಗಿಯಂತೆ ನಿಂತಿದ್ದಳು. ಕುರ್ಚಿ ಬಾಗಿಲ ಬಳಿ ಕಾದಿತ್ತು. ಮೊರೇನಾ ನಾಡಿ ನೋಡಿ, ಅವಳ ಕುತ್ತಿಗೆಯ ಹಿಂದೆ ಅಂಗಿಯೊಳಗೆ ಅಂಗೈ ಇಟ್ಟಳು. ಬೆವರಿತ್ತು, ಆದರೆ ಬೆನ್ನು ತಂಪಾಗಿತ್ತು. ಗಂಟೆಗೊಮ್ಮೆ ನೀರು ಕುಡಿದು ಹೊರಗೆ ಕೂರಬೇಕು, ತಲೆಸುತ್ತಿದರೆ ಹೇಳದೆ ಮುಚ್ಚಿಡಬಾರದು ಎಂದು ಮಾತು ತೆಗೆದುಕೊಂಡು, ಆರ್ಜಿಯಾಳ ಕಡೆ ತಿರುಗಿ ತಲೆಯಾಡಿಸಿದಳು.

ಆರ್ಜಿಯಾ ಲಟ್ಟಣಿಗೆಯನ್ನು ಕಿಟಕಿಯ ಪಕ್ಕಕ್ಕೆ ತಳ್ಳಿದಳು. ಆ ಜಾಗವನ್ನು ಅವಳು ಇನ್ನೊಬ್ಬರಿಗೆ ಕೊಟ್ಟಿರಲೇ ಇಲ್ಲ.

ಅಂದು ಜೆಲಿಂಡಾ ಲಟ್ಟಿಸಿದ ಹಾಳೆ ಎಷ್ಟು ತೆಳ್ಳಗಿತ್ತೆಂದರೆ ಅದರ ಮೂಲಕ ಕಿಟಕಿಯಾಚೆಯ ಇಗರ್ಜಿಯ ಗೋಪುರ ಕಾಣುತ್ತಿತ್ತೆಂದು ಜನ ಈಗಲೂ ಹೇಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಹೂವಿನ ಗೌನಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಅಂಗಿಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ್ದಂತೂ ನಿಜ. ಆ ವಾರ ಊರಿನ ಬಟ್ಟೆ ಒಣಹಾಕುವ ಹಗ್ಗಗಳ ಮೇಲೆ, ಎಷ್ಟೋ ವರ್ಷದಿಂದ ಬೆಳಕು ಕಾಣದ ಹಾಸುಗಳು ಗಾಳಿಗೆ ಬಂದವು.

ಜೆಲಿಂಡಾಳ ಪೆಟ್ಟಿಗೆಯಲ್ಲಿ ಜೊತೆಯ ಇನ್ನೊಂದು ಹಾಸು ಉಳಿದಿತ್ತು. ಅದನ್ನು ಮತ್ತೆ ಡಾಕ್ಟರಿಗೇ ಎತ್ತಿಡಲೇ ಎಂದು ನೇರಿಯೊ ಕೇಳಿದ.

"ಡಾಕ್ಟರು ಬಂದ್ರೆ ಕುರ್ಚಿ ಹಾಕು" ಎಂದಳು ಜೆಲಿಂಡಾ. "ಇದು ಇವತ್ತಿಂದ ನಮ್ಮ ಹಾಸಿಗೆಗೆ."

ಓದುತ್ತಿರುವ ನೀವೂ ಇಂದೇ ನಿಮ್ಮ ಪೆಟ್ಟಿಗೆ ತೆರೆಯಿರಿ. ಸೆಣಬಿನ ಹಾಸು ಇರಲಿಕ್ಕಿಲ್ಲ. ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ, ತೆಳು ಪಂಚೆ ಇದ್ದೇ ಇರುತ್ತದೆ. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ ನಾಚಿಕೊಳ್ಳದೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ, ಕತ್ತಿನ ಬಳಿ ಹೊಲಿದ ಚೀಟಿಯಲ್ಲಿ ಯಾವ ನೂಲೆಂದು ಬರೆದಿದೆಯೋ ಓದಿ. ಮಗುವಿಗೆ ಮಿರಿಮಿರಿ ಮಿಂಚುವ ಅಂಗಿ ತೊಡಿಸುವ ಮುನ್ನ ಅದನ್ನೇ ಒಂದು ಗಳಿಗೆ ನಿಮ್ಮ ಕೆನ್ನೆಗೆ ಒತ್ತಿಕೊಳ್ಳಿ. ಒಲೆಯ ಮುಂದೆ ನಿಲ್ಲುವ ತಾಯಿಯ ಬೆನ್ನನ್ನು ಒಮ್ಮೆ ನೋಡಿ. ಅವಳು ತಾನಾಗಿ ಹೇಳುವುದಿಲ್ಲ. ಒಳ್ಳೆಯ ಬಟ್ಟೆಯನ್ನು ಕಾಯಿಲೆಗೆಂದು ಎತ್ತಿಡಬೇಡಿ. ಕಾಯಿಲೆ ಬರುವ ಮೊದಲೇ ತೊಟ್ಟುಬಿಡಿ.