ಒಡೆದದ್ದು ದನಿಯಲ್ಲ

ನಾನು ಕಾರಿನ ಒಂದು ಆಂಪ್ಲಿಫೈಯರ್. ಹಾಡು ಹಚ್ಚುವ ಸ್ಟೀರಿಯೊ ಮುಂದೆ ಇರುತ್ತದೆ, ಸ್ಪೀಕರುಗಳು ಬಾಗಿಲಲ್ಲಿ ಇರುತ್ತವೆ. ನಡುವೆ ಕೂತು ಸಣ್ಣ ದನಿಗೆ ಬಲ ತುಂಬುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೊನೆಯ ಸ್ಕ್ರೂ ಬಿಗಿದು, ಕರಿಯ ಮೈಯನ್ನು ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿದಳು. ನನ್ನ ಪಕ್ಕೆಯಲ್ಲಿ ‘ಗೇನ್’ ಎಂಬ ಪುಟ್ಟ ತಿರುಪು ಇದೆ. ಸ್ಟೀರಿಯೊ ಕಳಿಸುವ ದನಿಗೆ ನನ್ನನ್ನು ಹೊಂದಿಸುವುದಷ್ಟೇ ಅದರ ಉದ್ದೇಶ.

ನನ್ನ ಮೊದಲ ಮಾಲೀಕ ಹುಬ್ಬಳ್ಳಿಯ ವಿನೋದ ಹಂಚಿನಾಳನಿಗೆ ಅದು ಸದ್ದು ಏರಿಸುವ ಗುಂಡಿಯಾಗಿ ಕಂಡಿತು. “ಓಣಿ ತುಂಬ ಕೇಳ್ಬೇಕು!” ಎಂದು ತುದಿಯವರೆಗೆ ತಿರುವಿಬಿಟ್ಟ. ನನ್ನ ಮೈ ಕಾದು ಕೆಂಡವಾಗುತ್ತಿತ್ತು. ಹಾಡು ಹರಿದ ಬಟ್ಟೆಯಂತೆ ಹೊರಬರುತ್ತಿತ್ತು. ಕೊನೆಗೆ ಅವನ ಸ್ಪೀಕರುಗಳು ಸುಟ್ಟವು. ಬೈದು, ನನ್ನನ್ನು ಹಳೆ ಸಾಮಾನಿನ ಅಂಗಡಿಗೆ ಹಾಕಿದ.

ಅಲ್ಲಿಂದ ನನ್ನನ್ನು ತಂದವರು ಧಾರವಾಡದ ಇಂದುಮತಿ ಕಡಕೋಳ. ಹೆಂಗಸರಿಗೆ ಕಾರು ಕಲಿಸುವವರು. ದಾರಿಬದಿಯ ಮೆಕ್ಯಾನಿಕ್ ಒಬ್ಬ ಅವಸರದಿಂದ ನನ್ನನ್ನು ಸೀಟಿನ ಕೆಳಗೆ ಕೂಡಿಸಿದ. ಗೇನ್ ಎಷ್ಟಕ್ಕಿದೆ ಎಂದು ನೋಡಲಿಲ್ಲ. ಅಲ್ಲಿಂದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಬ್ರೇಕಿನ ಮೇಲೆ ಇಂದುಮತಿಯವರ ಗಟ್ಟಿ ಪಾದ. ಪಕ್ಕದಲ್ಲಿ ಸದಾ ತಾಳ ಹಾಕುವ ಅವರ ಗಂಡ ಶಂಭುಲಿಂಗಪ್ಪನವರ ಪಾದ.

ಶಂಭುಲಿಂಗಪ್ಪ ವಚನಗಾಯಕರು. ಗಂಟಲಿನ ಆಪರೇಷನ್ ಆಗಿ ತಿಂಗಳುಗಟ್ಟಲೆ ಮಾತೇ ಆಡಿರಲಿಲ್ಲ. ಆಮೇಲೆ ಡಾಕ್ಟರು ಹಾಡಲು ಒಪ್ಪಿಗೆ ಕೊಟ್ಟರು. ಊರಿನ ಸಭಾಭವನದಲ್ಲಿ ಕಾರ್ಯಕ್ರಮವೂ ಗೊತ್ತಾಯಿತು. ಅದಕ್ಕೆ ಮುಂಚೆ ಸ್ಟುಡಿಯೊದಲ್ಲಿ ಒಂದು ವಚನ ಹಾಡಿ ಬಂದರು. ಅಲ್ಲಿಯವರೆಗೆ ಕಾರಿನಲ್ಲಿ ಹಾಡು ಮೆಲ್ಲಗಷ್ಟೇ ಇರುತ್ತಿತ್ತು; ಇದನ್ನು ಮೊದಲ ಸಲ ಜೋರಾಗಿ ಹಚ್ಚಿದರು.

ದನಿ ಮೆಲ್ಲಗಿದ್ದಾಗ ಚೆನ್ನಾಗಿತ್ತು. ತಾರಕ್ಕೆ ಏರಿದ ಕೂಡಲೇ ಬಿರುಕು ಬಿಟ್ಟಿತು. ತಾಳ ಹಾಕುತ್ತಿದ್ದ ಪಾದ ನಿಂತುಹೋಯಿತು.

“ಬಂದ್ ಮಾಡು, ಇಂದೂ. ನನ್ನ ದನಿ ಒಡದೈತಿ.”

“ಫೋನಿನಾಗ ಛಲೋ ಕೇಳಿಸ್ತಿತ್ತಲ್ರೀ?”

“ಅದು ಸಣ್ಣದು, ಎಲ್ಲಾ ಮುಚ್ಚಿಡ್ತದ. ಇದು ಖರೆ ಹೇಳಾಕತ್ತೈತಿ. ಕಾರ್ಯಕ್ರಮ ಬ್ಯಾಡಂತ ಹೇಳಿಬಿಡು.”

ಸುಳ್ಳು ಹೇಳುತ್ತಿದ್ದುದು ನಾನು. ಆದರೆ ಅದನ್ನು ಹೇಳಲು ನನಗೆ ಬಾಯಿಲ್ಲ.

ಇಂದುಮತಿ ಬೇರೊಬ್ಬ ಗಾಯಕರ ಹಾಡು ಹಚ್ಚಿದರು. ಅದೂ ಏರಿದಲ್ಲೇ ಹರಿಯಿತು. “ಇವರಿಗೂ ಆಪರೇಷನ್ ಆಗೈತೇನ್ರೀ?” ಎಂದವರೇ ಕಾರನ್ನು ಮೌಲಾಲಿಯ ಕಾರ್ ಆಡಿಯೊ ಅಂಗಡಿಯತ್ತ ತಿರುಗಿಸಿದರು.

ಮೌಲಾಲಿ ಬಗ್ಗಿ ನೋಡಿ ನಕ್ಕ. “ಅಕ್ಕಾರ, ಗೇನ್ ತುದೀಗೈತ್ರಿ. ಇದು ತಾಳಲಾರದಷ್ಟು ದನಿ ಏರತೈತಿ, ಅದಕ್ಕ ಒಡೀತೈತಿ. ನೀವ ತಿರುವ್ರಿ, ನಿಮ್ಮ ಕಿವೀನ ಹೇಳ್ತೈತಿ.”

ಮೌಲಾಲಿ ನನ್ನನ್ನು ಸೀಟಿನಡಿಯಿಂದ ಹೊರಗೆಳೆದು, ಗೇನನ್ನು ಪೂರ್ತಿ ಕೆಳಗಿಳಿಸಿದ. ತಗ್ಗು ದನಿಯನ್ನು ಉಬ್ಬಿಸುವ ಬೇಸ್ ಬೂಸ್ಟ್ ಬಂದ್ ಮಾಡಿದ. ಸ್ಟೀರಿಯೊದ ದನಿಯನ್ನು ಮುಕ್ಕಾಲಿಗೆ ಏರಿಸಿ ಚೊಕ್ಕವಾದ ಹಾಡೊಂದನ್ನು ಹಚ್ಚಿದ. ಇಂದುಮತಿ ಸ್ಕ್ರೂಡ್ರೈವರ್ ಹಿಡಿದು ಕೂದಲೆಳೆಯಷ್ಟೇ ತಿರುವುತ್ತ ಹೋದರು. ಎಲ್ಲೋ ಒಂದೆಡೆ ದನಿ ಒರಟಾಯಿತು. “ಇಲ್ಲೇ ಕೆಟ್ಟಿತು,” ಎಂದು ತುಸು ಹಿಂದೆ ತಂದು ನಿಲ್ಲಿಸಿದರು. ಹುಟ್ಟಿದ ಮೇಲೆ ಮೊದಲ ಬಾರಿ ನಾನು ನಿರಾಳವಾಗಿ ಉಸಿರಾಡಿದೆ.

“ಈಗ ನಿಮ್ದು ಕೇಳ್ರಿ.”

“ಬ್ಯಾಡ ಇಂದೂ…”

ಇಂದುಮತಿ ಹಚ್ಚಿಯೇಬಿಟ್ಟರು. ದನಿ ಏರಿತು, ತಾರಕ್ಕೆ ಹೋಯಿತು, ಅಲ್ಲೇ ದೀಪದಂತೆ ಅಲ್ಲಾಡದೆ ನಿಂತಿತು. ಶಂಭುಲಿಂಗಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅಳುತ್ತಲೇ ತಮ್ಮದೇ ಹಾಡಿಗೆ ದನಿಗೂಡಿಸಿದರು. ಮೌಲಾಲಿಯ ಅಂಗಡಿಯ ಮುಂದೆ ದಾರಿಹೋಕರು ನಿಂತು ಕೇಳಿದರು.

ಕಾರ್ಯಕ್ರಮದ ದಿನ ಸಭಾಭವನದ ಹೊರಗೆ ಕಾರಿನ ಗಾಜು ಇಳಿಸಿತ್ತು. ಶಂಭುಲಿಂಗಪ್ಪ ಬರಿಗಂಟಲಲ್ಲಿ ತಾರಷಡ್ಜ ಹಿಡಿದದ್ದು, ಜನ ಚಪ್ಪಾಳೆ ತಟ್ಟಿದ್ದು ನನ್ನವರೆಗೂ ಕೇಳಿಬಂತು. ಆ ಸದ್ದಿಗೆ ನನ್ನ ಸಹಾಯ ಬೇಕಿರಲಿಲ್ಲ. ಆದರೂ ಹೆಮ್ಮೆಯಿಂದ ಬೀಗಿದೆ.

ಈಗ ಆ ಕಾರಿಲ್ಲ. ನನ್ನ ಒಂದು ಪಕ್ಕದ ದನಿ ಸತ್ತಿದೆ. ಕಡಕೋಳರ ಮನೆಯಲ್ಲಿ, ಶಂಭುಲಿಂಗಪ್ಪ ಸಂಗೀತ ಕಲಿಸುವ ಕೋಣೆಯ ಮೂಲೆಯಲ್ಲಿ ಉಳಿದ ದನಿಯಲ್ಲೇ ದುಡಿಯುತ್ತೇನೆ. ಕಲಿಯುವವರ ಹಾಡನ್ನು ರೆಕಾರ್ಡ್ ಮಾಡಿ ನನ್ನ ಮೂಲಕ ಕೇಳಿಸುತ್ತಾರೆ. ನಿನ್ನೆ ಹೊಸದಾಗಿ ಸೇರಿದ ಹೆಂಗಸೊಬ್ಬರು ಹಾಡು ಮುಗಿದರೂ ತಲೆ ಎತ್ತಲಿಲ್ಲ.

“ಇದನ್ನ ಯಾರ್ ಹಾಡ್ಯಾರ್ರೀ, ಸರ್?” ಎಂದು ಕೇಳಿದರು.

ಶಂಭುಲಿಂಗಪ್ಪ ನಕ್ಕರು. “ನೀವ ರೀ ತಾಯಿ. ಅಂಜಬ್ಯಾಡ್ರಿ, ಇನ್ನೊಮ್ಮೆ ಕೇಳ್ರಿ.”

ನಾನು ಇನ್ನೊಮ್ಮೆ ಕೇಳಿಸಿದೆ.