ಬೇಳೆ ಇಲ್ಲದ ತಿಂಗಳು

ನಮ್ಮ ಮನೆಯಲ್ಲಿ ನನ್ನ ಮುಟ್ಟಿನ ದಿನ ಗೊತ್ತಿಲ್ಲದವರೆಂದರೆ ಹಾಲಿನವನೊಬ್ಬನೇ. ಹೊರಗಾದರೆ ಮೂರು ದಿನ ಹಿತ್ತಿಲ ಕೋಣೆ, ಬೇರೆ ಚಾಪೆ, ಬೇರೆ ತಾಟು. ಕಲಾದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಇದನ್ನೆಲ್ಲ ಹೇಗೆ ಸಹಿಸಿದೆ ಎಂದು ಕೇಳಬೇಡಿ. ಸಹಿಸಿದೆ, ಅಷ್ಟೇ. ಅತ್ತೆ ರುಕ್ಮಿಣೀಬಾಯಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಪೆನ್ಸಿಲ್ ಸೊನ್ನೆ ಸುತ್ತುತ್ತಿದ್ದರು.

ಸೊನ್ನೆಗಳು ಬಹಳ ಇರಲಿಲ್ಲ. ನನಗಿದ್ದದ್ದು ಪಿಸಿಓಎಸ್, ಅಂಡಾಶಯದ ತೊಂದರೆ. ಮದುವೆಯಾಗಿ ನಾಲ್ಕು ವರ್ಷ, ಗುಳಿಗೆ ನುಂಗದೆ ಒಮ್ಮೆಯೂ ಹೊರಗಾದವಳಲ್ಲ.

"ಮೊದಲ ಅದು ತಾನಾಗೇ ಬರಬೇಕ್ರಿ ಸಂಪದಾ," ಅಂದರು ಬಾಗಲಕೋಟೆಯ ಡಾಕ್ಟರಮ್ಮ. "ಬಂತಂದ್ರ ಅರ್ಧಾ ದಾರಿ ಮುಗೀತು. ಕೂಸು ಆಮ್ಯಾಲಿನ ಮಾತು."

ಒಂದು ಚೀಟಿ ಬರೆದುಕೊಟ್ಟರು. ಅನ್ನ ಕಡಿಮೆ, ಸಕ್ಕರೆ ಬೆಲ್ಲ ಬಂದ್, ಜೋಳದ ರೊಟ್ಟಿ, ಎರಡು ಹೊತ್ತೂ ಪಲ್ಯ, ಬೇಳೆ, ಮೊಳಕೆ ಕಾಳು, ಮೊಸರು, ದಿನಾ ನಲವತ್ತು ನಿಮಿಷ ನಡಿಗೆ. ಫ್ರಿಜ್ಜಿಗೆ ಅಂಟಿಸಿದೆ. ಅತ್ತೆ ಚಾಳೀಸು ಹಾಕಿಕೊಂಡು ಪೂರ್ತಿ ಓದಿದರು.

"ಈ ಸಲ ಚಾತುರ್ಮಾಸ್ಯದ ವ್ರತ ನೀನೂ ಹಿಡೀಬೇಕು. ಸಂತಾನಕ್ಕಂತ ಸಂಕಲ್ಪ ಮಾಡೇನಿ."

ನಾಲ್ಕು ತಿಂಗಳ ವ್ರತ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರರಲ್ಲಿ ಹಾಲಿಲ್ಲ, ನಾಲ್ಕರಲ್ಲಿ ಬೇಳೆ ಕಾಳು ಇಲ್ಲ. ಚೀಟಿಯಲ್ಲಿದ್ದ ಒಂದೊಂದಕ್ಕೂ ತಿಂಗಳಿಗೊಂದರಂತೆ ಗೀಟು ಬಿತ್ತು. ರೊಟ್ಟಿಯ ಜೊತೆ ಗೀಟು ಬೀಳದೆ ಉಳಿದದ್ದು, ಡಾಕ್ಟರು ಬೇಡವೆಂದ ಅನ್ನ ಮತ್ತು ಬೆಲ್ಲ!

"ನಾಕ ತಿಂಗಳಲಾ, ಹೂಂ ಅಂದ್ಬಿಡು. ಅಮ್ಮನ ಮನಸ್ಸು ಯಾಕ ನೋಯಸ್ತೀ?" ಅಂದ ಗಂಡ ಮಿಲಿಂದ. ಅವನಿಗೆ ಕುಳಗೇರಿ ಕ್ರಾಸಿನ ಬ್ಯಾಂಕಿನಲ್ಲಿ ಕೆಲಸ. ಅಲ್ಲಿಯ ಡಾಬಾದಲ್ಲಿ ಡಬಲ್ ಆಮ್ಲೆಟ್ ಹೊಡೆದು, ಬಾಯಿಗೆ ಯಾಲಕ್ಕಿ ಹಾಕಿಕೊಂಡು ಮನೆಗೆ ಬರುವ ಮಹಾ ವ್ರತಸ್ಥ ಅವನು. ನನಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಹೂಂ ಅಂದೆ, ಶಾಲೆಯಲ್ಲಿ ಕದ್ದು ತಿಂದೆ. ನನ್ನ ಜೊತೆಯ ಟೀಚರು ಸವಿತಾ ಎರಡು ಡಬ್ಬಿ ತರುತ್ತಿದ್ದಳು. ಅವಳ ತಾಯಿ ಬೋರವ್ವ ಕಳಿಸಿದ ರೊಟ್ಟಿ, ಬದನೆಕಾಯಿ ಪಲ್ಯ, ನಾಲ್ಕನೆಯ ತಿಂಗಳಲ್ಲಿ ಮೊಳಕೆ ಹೆಸರುಕಾಳು.

"ತಿನ್ರಿ ಅಕ್ಕಾರ, ನಿಮ್ಮ ವ್ರತಾ ನಮ್ಮ ಡಬ್ಬಿ ತನಕಾ ಬರೂದಿಲ್ಲ," ಅನ್ನುತ್ತಿದ್ದಳು.

ಆರು ಕಿಲೋ ಇಳಿದೆ. ಡಾಕ್ಟರು ಗುಳಿಗೆ ನಿಲ್ಲಿಸಿದರು. ಐವತ್ತು ದಿನವಾದರೂ ಕ್ಯಾಲೆಂಡರಿನಲ್ಲಿ ಸೊನ್ನೆ ಬೀಳದ್ದು ಕಂಡು ನಾನು ಬಸುರಿ ಎಂದು ಅತ್ತೆ ತಾವೇ ತೀರ್ಮಾನ ಮಾಡಿಬಿಟ್ಟರು. ಪರೀಕ್ಷೆಯ ಪಟ್ಟಿ ತೋರಿಸಿದೆ, ಒಂದೇ ಗೆರೆ.

"ಅದಕ್ಕೇನ ತಿಳೀತದ? ವ್ರತದ ಫಲ ಅದು," ಅಂದರು. ಇಳಕಲ್ಲಿಗೆ ಫೋನು ಹೋಯಿತು, ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ಹಸಿರು ಸೀರೆ ಬೇಕಂತೆ. ದಿನಾ ಬೆಳಿಗ್ಗೆ ನನ್ನ ಮುಂದೆ ಬಟ್ಟಲು ತುಂಬ ಬೆಲ್ಲದ ಸಜ್ಜಕ. ಎಷ್ಟು ಹೇಳಿದರೂ ಕೇಳುವ ಪೈಕಿ ಅಲ್ಲ.

ಆ ಮಂಗಳವಾರ, ಮೂರನೆಯ ಪಿರಿಯಡ್ಡಿನ ಬಳಿಕ, ಶಾಲೆಯ ಬಚ್ಚಲಿನಲ್ಲಿ ಗೊತ್ತಾಯಿತು. ಬಂದಿತ್ತು! ಗುಳಿಗೆ ಇಲ್ಲದೆ, ತಾನಾಗಿಯೇ. ಅಳು ಬಂತು, ಖುಷಿಗೆ. ಸವಿತಾ ತಬ್ಬಿಕೊಂಡಳು. ಡಾಕ್ಟರಿಗೆ ಫೋನು ಮಾಡಿದೆ.

"ಶಭಾಷ್! ಹನ್ನೆರಡನೇ ದಿನದಿಂದ ಹದಿನೆಂಟರ ತನಕ ಬಿಡಬ್ಯಾಡ್ರಿ, ಕೂಸು ನಿಲ್ಲೂ ದಿನಾ ಅವು. ಯಜಮಾನ್ರಿಗೆ ಹೇಳ್ರಿ, ಆ ದಿನಾ ಎಲ್ಲೂ ಊರಿಗೆ ಹೋಗಬ್ಯಾಡ್ರಂತ."

ನಗುತ್ತಲೇ ಮನೆಗೆ ಬಂದೆ. ಅದೇ ನಾನು ಮಾಡಿದ ತಪ್ಪು.

"ಅತ್ತಿ, ಹೊರಗಾದೆ."

ಅವರು ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ತಿರುಗಿ ಕೇಳಿದರು: "ಏನ ತಿಂದಿ?"

ಖುಷಿಯಲ್ಲಿದ್ದೆ ನೋಡಿ, ಖರೆ ಹೇಳಿಬಿಟ್ಟೆ. "ಹೆಸರುಕಾಳು."

"ಹೆಸರುಕಾಳಲ್ಲ ತಿಂದದ್ದು. ನನ್ನ ಮೊಮ್ಮಗನ್ನ ತಿಂದಿ."

ಇಲ್ಲದ ಕೂಸಿಗೆ ಅತ್ತೆ ಸಂಜೆಯವರೆಗೆ ಅತ್ತರು. ನನ್ನ ಗೆಲುವಿಗೆ ಆ ಮನೆಯಲ್ಲಿ ಆದದ್ದು ಸೂತಕ. ಹಿತ್ತಿಲ ಕೋಣೆಯ ಹೊಸ್ತಿಲಾಚೆ ಬಂದು ನಿಂತ ಮಿಲಿಂದನಿಗೆ ಡಾಕ್ಟರು ಹೇಳಿದ ದಿನಗಳನ್ನು ಹೇಳಿದೆ. ಅವನು ಕಾಲಿನ ಬೆರಳು ನೋಡಿಕೊಂಡ.

"ಅಮ್ಮ ಪ್ರಾಯಶ್ಚಿತ್ತ ಹೇಳ್ಯಾಳ. ತುಳಸಿಗೇರಿ ಹನುಮಪ್ಪಗ ಏಳು ದಿನ ಸೇವಾ. ಈ ಶನಿವಾರ ಬಿಟ್ಟು ಮುಂದಿನ ಶನಿವಾರದಿಂದ. ನಾ ಅಲ್ಲೇ ಇರಬೇಕು, ಬ್ರಹ್ಮಚರ್ಯದಾಗ."

ಬೆರಳು ಮಡಚಿ ಎಣಿಸಿದೆ. ಶನಿವಾರಕ್ಕೆ ಹನ್ನೆರಡು, ಶುಕ್ರವಾರಕ್ಕೆ ಹದಿನೆಂಟು.

"ಅವೇ ದಿನಾ ಡಾಕ್ಟರ್ ಹೇಳಿದ್ದು!"

"ಇದೊಂದ ತಿಂಗಳಲಾ. ಮುಂದಿನ ತಿಂಗಳ ನೋಡೋಣ."

ನಾಲ್ಕು ವರ್ಷ ಪಕ್ಕದಲ್ಲಿ ಮಲಗಿದವನಿಗೆ, ನನಗೆ ಮುಂದಿನ ತಿಂಗಳು ಎಂಬುದೇ ಗ್ಯಾರಂಟಿ ಇಲ್ಲವೆಂದು ತಿಳಿದಿರಲಿಲ್ಲ. ಇಡೀ ಮನೆಗೆ ಕೇಳುವಂತೆ ಕೇಳಿದೆ:

"ನನ್ನ ಹೆಸರುಕಾಳಿಗೆ ಏಳು ದಿನ. ಕುಳಗೇರಿ ಕ್ರಾಸಿನ್ಯಾಗ ನೀ ತಿಂದ ಆಮ್ಲೆಟ್ಟಿಗೆ ಎಷ್ಟ ದಿನಾ, ಮಿಲಿಂದ?"

ಒಳಗೆ ಅತ್ತೆಯ ಅಳು ಗಕ್ಕನೆ ನಿಂತಿತು. ಮಿಲಿಂದ ಬಾಗಿಲು ಎಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಅತ್ತೆ ನನ್ನ ತಾಟನ್ನು ದೂರದಿಂದ ಸರಿಸಿದರು. ಅನ್ನ, ಬೆಲ್ಲ ಹಾಕಿದ ಹುಣಸೆ ಗೊಜ್ಜು. ಮುಖ ನೋಡದೆ ಹೇಳಿದರು, ಸೇವೆ ಈಗ ಹದಿನಾಲ್ಕು ದಿನ.